ಬುರ್ಜ್ ಖಲೀಫಾದ ಮೇಲೆ ಸರ್ಪ್ರೈಸ್ ಪ್ರಪೋಸಲ್: ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ದುಬೈನಲ್ಲಿ ಇರುವವರು, ರಜೆಗೆ ಊರಿಂದ ಬರುವವರು, ಎತ್ತರದ ಕಟ್ಟಡದ ಮೇಲೆ ನಿಂತು "ನನ್ನ ಮದುವೆ ಆಗ್ತೀಯಾ" ಅಂತ ಕೇಳುವ ಆಸೆ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಆಸೆ ತಪ್ಪಲ್ಲ. ನನಗೂ ಇತ್ತು. ಗುರುತು ಪರಿಚಯ ಇಲ್ಲದವರ ಕೈಗೆ ಆ ಇಡೀ ಸಂಜೆಯನ್ನು ಕೊಟ್ಟುಬಿಟ್ಟೆ ನೋಡಿ, ಅದು ತಪ್ಪಾಯಿತು. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ. ಒಂದು ಪುಟ ಮುಚ್ಚಿದರೆ ಇನ್ನೊಂದು ಹೆಸರಲ್ಲಿ ತೆರೆಯುತ್ತಾರೆ, ಹಾಗಾಗಿ ಹೆಸರಿಗಿಂತ ಅವರು ಹೇಗೆ ಮಾತಾಡುತ್ತಾರೆ ಅಂತ ಗೊತ್ತಿರೋದು ಮುಖ್ಯ.

ನಾನು ಸಾಗರದ ಕಡೆಯವನು, ಅವಳು ಕುಂದಾಪುರದವಳು. ನಾನು ದುಬೈನಲ್ಲಿ, ಅವಳು ಶಾರ್ಜಾದಲ್ಲಿ ಕೆಲಸ. ನಾಲ್ಕು ವರ್ಷದ ಪರಿಚಯ. ಎರಡೂ ಮನೆಯಲ್ಲಿ ಅರ್ಧಂಬರ್ಧ ಗೊತ್ತಿತ್ತು, ಆದರೆ ಮಾತುಕತೆ ಆಗಿರಲಿಲ್ಲ. ನನ್ನ ಲೆಕ್ಕ ಹೀಗಿತ್ತು: ಜನವರಿಯಲ್ಲಿ ಅವಳನ್ನು ಕೇಳೋದು, ಅವಳು ಹೂಂ ಅಂದರೆ ಅದೇ ವಾರ ನನ್ನ ಅಪ್ಪ ಅಮ್ಮ ಅವರ ಮನೆಗೆ ಫೋನ್ ಮಾಡೋದು, ಆಮೇಲೆ ಹೂವು ಹಣ್ಣು ಹಿಡಿದು ಹೋಗೋದು.

ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪುಟ ಸಿಕ್ಕಿತು. ಬುರ್ಜ್ ಖಲೀಫಾದ 124ನೇ ಮಹಡಿಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪ್ರಪೋಸಲ್, ಒಬ್ಬ ಫೋಟೋಗ್ರಾಫರ್, ಒಬ್ಬ ಸಹಾಯಕ, ಒಂದು ವಿಡಿಯೋ. ಎಲ್ಲ ಸೇರಿ 3,200 ದಿರ್ಹಮ್, ಅದರಲ್ಲಿ 2,000 ಮೊದಲೇ ಕೊಡಬೇಕು. ಪರ್ಮಿಷನ್ ಇದೆಯಾ ಅಂತ ಕೇಳಿದೆ. ವಾಯ್ಸ್ ನೋಟ್ ಬಂತು: "ಅದೆಲ್ಲ ನಾವು ನೋಡ್ಕೋತೀವಿ ಬ್ರದರ್, ದಿನಾ ಮಾಡೋ ಕೆಲಸ." ನಾನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು. ದುಬೈನಲ್ಲಿ ದುಡ್ಡಿಗೆ ಶೂಟಿಂಗ್ ಮಾಡುವವರಿಗೆ ಲೈಸೆನ್ಸ್ ಬೇಕು, ಇಂಥ ಜಾಗದ ಒಳಗೆ ಟ್ರೈಪಾಡ್, ಲೈಟು ತಂದು ಶೂಟ್ ಮಾಡೋಕೆ ಬೇರೆ ಅನುಮತಿ ಬೇಕು. ಇದ್ದವರು ಆ ಕಾಗದವನ್ನು ತೋರಿಸುತ್ತಾರೆ. ತೋರಿಸೋಕೆ ಹಿಂದೆ ಮುಂದೆ ನೋಡಿದರೆ ಇಲ್ಲ ಅಂತಲೇ ಅರ್ಥ. ನಿಮ್ಮ ತಾರೀಖು, ನಿಮ್ಮ ಬುಕಿಂಗ್ ಇರುವ ಕಾಗದವನ್ನೇ ಕೇಳಿ. ಇಲ್ಲವೇ ಯಾರ ಸಹವಾಸವೂ ಬೇಡ ಅಂತ ನೇರವಾಗಿ ಆ ಕಟ್ಟಡದವರಿಗೇ ಮೇಲ್ ಹಾಕಿ ಏನು ತರಬಹುದು, ಏನು ತರಬಾರದು ಅಂತ ಕೇಳಿ. ನಾನು ಅದನ್ನು ಮಾಡಿದ್ದರೆ ಮುಂದಿನದ್ದು ಏನೂ ಆಗುತ್ತಿರಲಿಲ್ಲ.

ಸಮಯದ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಎಲ್ಲ ಕೆಟ್ಟಿದ್ದು ಅಲ್ಲಿಂದ. ಅವತ್ತು ಸೂರ್ಯಾಸ್ತ 6 ಗಂಟೆಗೆ ಐದಾರು ನಿಮಿಷ ಮುಂಚೆ. ಅವರು ನಮಗೆ ತೆಗೆದುಕೊಟ್ಟ ಟಿಕೆಟ್ 5:30ರದ್ದು. ಸಾಲದು ಅನ್ನಿಸಿ ಕೇಳಿದ್ದಕ್ಕೆ "ಮೇಲೆ ಸೂರ್ಯ ಲೇಟಾಗಿ ಮುಳುಗುತ್ತೆ, ಟೆನ್ಷನ್ ಬೇಡ" ಅಂದರು. ಸುಳ್ಳಲ್ಲ. ಈ ಕಟ್ಟಡ 828 ಮೀಟರ್ ಎತ್ತರ. 2011ರ ರಂಜಾನ್‌ನಲ್ಲಿ ಇಲ್ಲಿನ ಧರ್ಮಗುರುಗಳು, 80ನೇ ಮಹಡಿಗಿಂತ ಮೇಲಿರುವವರು ಉಪವಾಸ ಬಿಡೋಕೆ 2 ನಿಮಿಷ, 150ಕ್ಕಿಂತ ಮೇಲಿರುವವರು 3 ನಿಮಿಷ ಜಾಸ್ತಿ ಕಾಯಬೇಕು ಅಂತ ಹೇಳಿದ್ದರು. ಆದರೆ ಎರಡು ನಿಮಿಷದಲ್ಲಿ ಏನಾಗುತ್ತೆ? ಟಿಕೆಟ್‌ನಲ್ಲಿ ಇರೋದು ಕೆಳಗೆ ಸಾಲಿಗೆ ಸೇರುವ ಸಮಯ, ಮೇಲೆ ನಿಲ್ಲುವ ಸಮಯ ಅಲ್ಲ. ಲಿಫ್ಟ್ ಒಂದು ನಿಮಿಷದಲ್ಲಿ 124ಕ್ಕೆ ಮುಟ್ಟಿಸುತ್ತೆ, ಕಿವಿ ಗುಂಯ್ ಅನ್ನುವಷ್ಟರಲ್ಲಿ ಬಾಗಿಲು ತೆರೆಯುತ್ತೆ. ಆದರೆ ಲಿಫ್ಟಿನ ತನಕ ಹೋಗೋಕೆ ನಮಗೆ 35 ನಿಮಿಷ ಬೇಕಾಯಿತು. ಸೂರ್ಯಾಸ್ತದ ಹೊತ್ತಿನ ಟಿಕೆಟ್ ಬೆಲೆ ಜಾಸ್ತಿ, ಆದರೂ ಎಲ್ಲರಿಗೂ ಅದೇ ಬೇಕು, ಹಾಗಾಗಿ ಜನವೂ ಜಾಸ್ತಿ. ಕಡಿಮೆ ಅಂದರೂ ಒಂದು ಒಂದೂವರೆ ಗಂಟೆ ಮುಂಚಿನ ಸ್ಲಾಟ್ ತಗೊಳ್ಳಿ. ಮೇಲೆ ಕಾಯೋದು ಕಷ್ಟ ಅಲ್ಲ.

ಈಗ ಉಂಗುರ. ಇದನ್ನು ಬರೆಯೋಕೆ ಈಗಲೂ ಸಂಕಟ ಆಗುತ್ತೆ. ದೇರಾದ ಗೋಲ್ಡ್ ಸೂಕ್‌ನಲ್ಲಿ ಎರಡು ಶುಕ್ರವಾರ ಅಲೆದು ತಗೊಂಡ ಉಂಗುರ. ಮರೂನ್ ಬಣ್ಣದ ವೆಲ್ವೆಟ್ ಡಬ್ಬಿ, ಮುಚ್ಚಳದ ಮೇಲೆ ಚಿನ್ನದ ಅಕ್ಷರದಲ್ಲಿ ಅಂಗಡಿ ಹೆಸರು. ಉಂಗುರ ಯಾರ ಹತ್ತಿರ ಇರಬೇಕು ಅಂತ ಮೊದಲೇ ಕೇಳಿದ್ದೆ. "ನಿಮ್ಮ ಜೇಬಲ್ಲೇ ಇರಲಿ" ಅಂದಿದ್ದರು. ಮೇಲೆ ಹೋಗುವ ಮುಂಚೆ ವಿಮಾನ ನಿಲ್ದಾಣದ ಥರ ತಪಾಸಣೆ ಇದೆ. ಮೊಬೈಲು, ವಾಚು, ಕೀಗೊಂಚಲು, ಜೇಬಲ್ಲಿ ಇರೋದೆಲ್ಲ ಟ್ರೇಗೆ ಹಾಕಿ ಮಷಿನ್ ಒಳಗೆ ಬಿಡಬೇಕು. ಅವಳು ನನಗಿಂತ ಮುಂದೆ ದಾಟಿ ತನ್ನ ಬ್ಯಾಗಿಗೆ ಕಾಯುತ್ತಾ ನಿಂತಿದ್ದಳು. ನಾನು ಇನ್ನೂ ಈಚೆ ಕೈ ಅಗಲಿಸಿಕೊಂಡು ನಿಂತಿದ್ದೆ. ನನ್ನ ಟ್ರೇ ಉರುಳುತ್ತಾ ಹೋಗಿ ಅವಳ ಮುಂದೆಯೇ ನಿಂತಿತು. ಕೀಗೊಂಚಲು ಒಂದು ಮೂಲೆಗೆ ಸರಿದಿತ್ತು, ನಡುವೆ ಆ ಡಬ್ಬಿ ಒಂದೇ. ಅವಳು ನೋಡಿದಳು. ಬ್ಯಾಗ್ ತಗೊಂಡು ಆಚೆ ತಿರುಗಿ ಗೋಡೆಯ ಮೇಲಿನ ಚಿತ್ರ ನೋಡುವವಳ ಹಾಗೆ ನಿಂತಳು, ನನಗೆ ಬೇಜಾರಾಗಬಾರದು ಅಂತ.

ದಿನಾ ಮಾಡೋ ಕೆಲಸ ಅಂದವರಿಗೆ ಇದು ಗೊತ್ತಿರಲಿಲ್ವಾ? ನಿಜವಾಗಿ ಒಂದೇ ಒಂದು ಸಲ ಮಾಡಿದ್ದರೂ ಮೊದಲು ಹೇಳುವ ಮಾತೇ ಇದಾಗಿರುತ್ತಿತ್ತು. ಉಂಗುರವನ್ನು ಡಬ್ಬಿಯಿಂದ ತೆಗೆದು ಪರ್ಸಿನ ಚಿಲ್ಲರೆ ಜಾಗದಲ್ಲಿ ಇಡಿ, ಇಲ್ಲ ಅಂದ್ರೆ ಮುಂಚಿನ ಸ್ಲಾಟ್‌ನಲ್ಲಿ ಮೇಲೆ ಹೋಗುವ ಗೆಳೆಯನ ಕೈಲಿ ಕಳಿಸಿ.

ಅಲ್ಲೇ ಹಿಂದೆ ಫೋಟೋಗ್ರಾಫರನ್ನು ತಡೆದಿದ್ದರು. ಟ್ರೈಪಾಡು, ಎರಡು ಲೈಟು, ದೊಡ್ಡ ಬ್ಯಾಗು. ಸೆಕ್ಯುರಿಟಿಯವರು ಗೌರವದಿಂದಲೇ ಪರ್ಮಿಷನ್ ಕಾಗದ ಕೇಳಿದರು, ಅದು ಅವರ ಕೆಲಸ. ಕಾಗದ ಇರಲೇ ಇಲ್ಲ. ಅವನು ಸಾಮಾನು ಇಡೋಕೆ ವಾಪಸ್ ಹೋದ. ನಾನು ಅವಳ ಜೊತೆ ಮೇಲೆ ಹೋಗಿ, ಏನೂ ಗೊತ್ತಿಲ್ಲದವನ ಹಾಗೆ ಆ ಮಹಡಿಯನ್ನು ಮೂರು ಸುತ್ತು ಹಾಕಿದೆ. ಸಮುದ್ರದ ಕಡೆ ಆಕಾಶ ಕೆಂಪಾಗಿ, ಆಮೇಲೆ ನೀಲಿಯಾಗಿ, ಎಲ್ಲ ನಮ್ಮ ಕಣ್ಣೆದುರೇ ಮುಗಿಯಿತು. ಇಬ್ಬರೇ ಇದ್ದೆವು, ಉಂಗುರ ಜೇಬಲ್ಲಿತ್ತು, ಅವಳಿಗೂ ಗೊತ್ತಿತ್ತು. ಅಲ್ಲೇ ಕೇಳಿಬಿಡಬೇಕಿತ್ತು. ಫೋಟೋ ಬೇಕಲ್ಲ ಅಂತ ಕಾದೆ.

ಅವನು ಬಂದಾಗ 6:25. ಅಷ್ಟೊತ್ತಿಗೆ ಹೊರಗೆ ಕತ್ತಲು, ಒಳಗೆ ಲೈಟು. ಆಗ ಗಾಜು ಕನ್ನಡಿ ಆಗಿಬಿಡುತ್ತೆ. ಹೊರಗಿನ ಊರು ಕಾಣಲ್ಲ, ನಾವೇ ಕಾಣ್ತೀವಿ. ಅದಕ್ಕೆ ನೇರವಾಗಿ ಫ್ಲ್ಯಾಶ್ ಹೊಡೆದರೆ ಏನಾಗುತ್ತೆ ಅಂತ ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಹುಡುಗರಿಗೂ ಗೊತ್ತು. ನಮ್ಮ ಫೋಟೋಗಳಲ್ಲಿ ನಾನು ಮಂಡಿ ಊರಿದ್ದೇನೆ, ಅವಳ ತಲೆಯ ಪಕ್ಕ ಗಾಜಿನಲ್ಲಿ ಬಿಳಿ ಉರಿ, ಅದರ ಕೆಳಗೆ ಕ್ಯಾಮೆರಾ ಹಿಡಿದ ಅವನೇ, ಅವನ ಕ್ಯಾಪ್ ಸಮೇತ.

ಫೋಟೋ ತೆಗೆಯುವ ಗೆಳೆಯರು ಆಮೇಲೆ ಹೇಳಿದ್ದನ್ನು ಇಲ್ಲಿ ಹಾಕುತ್ತೇನೆ, ನಿಮಗೆ ಉಪಯೋಗ ಆಗಬಹುದು. ಸೂರ್ಯ ಮುಳುಗುವ ಹದಿನೈದು ಇಪ್ಪತ್ತು ನಿಮಿಷ ಮುಂಚೆಯೇ ಕೇಳಿಬಿಡಿ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಇಬ್ಬರ ಮುಖವೂ ಕಪ್ಪಾಗುತ್ತೆ, ಬೆಳಕು ಪಕ್ಕದಿಂದ ಮುಖಕ್ಕೆ ಬೀಳುವ ಹಾಗೆ ನಿಲ್ಲಿ. ಗಾಜಿಗೆ ನೇರವಾಗಿ ಅಲ್ಲ, ಓರೆಯಾಗಿ ನಿಂತು ತೆಗೆಯಬೇಕು. 124ರಲ್ಲಿ ಹೊರಗೆ ತೆರೆದ ಜಾಗವೂ ಇದೆ, ಅಲ್ಲಿ ಒಳಗಿನ ಲೈಟಿನ ಕಾಟ ಕಡಿಮೆ. ಇನ್ನೊಂದು, ಬೇಸಿಗೆಯಲ್ಲಿ ಧೂಳು, ಚಳಿಗಾಲದ ಬೆಳಿಗ್ಗೆ ಮಂಜು. ಕೆಳಗಿಂದ ನೋಡಿದಾಗ ಕಟ್ಟಡದ ತುದಿ ಮಸುಕಾಗಿದ್ದರೆ ಮೇಲಿಂದ ಊರೂ ಮಸುಕೇ. ಇಷ್ಟಕ್ಕೆಲ್ಲ ದೊಡ್ಡ ಕ್ಯಾಮೆರಾ ಬೇಡ. ಮೊಬೈಲ್ ಹಿಡಿದ ಒಬ್ಬ ನಂಬಿಕೆಯ ಗೆಳೆಯ ಸಾಕು.

ಇದೆಲ್ಲ ಹೋಗಲಿ, ಫೋಟೋ ತಾನೇ ಅನ್ನಬಹುದಿತ್ತು. ಆದರೆ ನಾನು ಮಂಡಿ ಊರುವ ಹೊತ್ತಿಗೆ ಆ ಸಹಾಯಕ ಜೋರಾಗಿ ಚಪ್ಪಾಳೆ ತಟ್ಟಿ "ಎಲ್ಲರೂ ಇಲ್ಲಿ ನೋಡಿ" ಅಂತ ಕೂಗಿದ. ಇದನ್ನು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಒಂದೇ ಗಳಿಗೆಯಲ್ಲಿ ಸುತ್ತ ಜನ, ಇಪ್ಪತ್ತು ಮೊಬೈಲು. ಅವಳ ಕೈ ಮಂಜುಗಡ್ಡೆ ಆಗಿತ್ತು. ಹೂಂ ಅಂದಳು. ಜನ ಕೂಗಿದರು.

ವಾಪಸ್ ಹೋಗುವಾಗ ಮೆಟ್ರೋ ಸ್ಟೇಷನ್ನಿಗೆ ಹೋಗುವ ಆ ಉದ್ದ ದಾರಿಯಲ್ಲಿ ತುಂಬ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಹೂಂ ಅಂದದ್ದು ಮನಸ್ಸಿಂದಲೇ. ಆದ್ರೆ ಅಷ್ಟು ಜನ ಮೊಬೈಲ್ ಹಿಡ್ಕೊಂಡು ನಿಂತಿರುವಾಗ, ಒಂದಿನ ಟೈಮ್ ಕೊಡು ಅಂತ ಹೇಳ್ಬೇಕು ಅನ್ನಿಸಿದ್ರೆ ಹೇಳೋಕೆ ಆಗ್ತಿತ್ತಾ ನಂಗೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸರ್ಪ್ರೈಸ್ ಪ್ಲಾನ್ ಮಾಡುವವರು ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ: ಎದುರಿಗಿರುವವರಿಗೆ ಜನರ ಮಧ್ಯೆ ನಿಲ್ಲೋದು ಇಷ್ಟವಾ? ಅವಳಿಗೆ ಇಷ್ಟ ಇಲ್ಲ ಅಂತ ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು.

ಅದೇ ರಾತ್ರಿ ಅವರು ಆ ವಿಡಿಯೋವನ್ನು ತಮ್ಮ ಪುಟಕ್ಕೆ ಹಾಕಿದರು. ನಮಗೆ ಒಂದು ಮಾತು ಇಲ್ಲ. ಅವಳ ಮುಖ ಪೂರ್ತಿ, ಹಿಂದೆ ಸಿನಿಮಾ ಹಾಡು, ಕೆಳಗೆ ಬುಕಿಂಗ್ ನಂಬರು. ಬೆಳಿಗ್ಗೆ ಅವಳ ಸೋದರಮಾವನ ಮೊಬೈಲಿಗೆ ಬಂದು, ಅಲ್ಲಿಂದ ಫ್ಯಾಮಿಲಿ ಗ್ರೂಪಿಗೆ. ಅವಳಮ್ಮ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಎಂತ ಹೆಣೆ ಇದ್? ನಮ್ಗೊಂದ್ ಮಾತ್ ಹೇಳುಕಾಯ್ಲಿಲ್ಯಾ?" ಬೈದಿದ್ದರೆ ಪರವಾಗಿರಲಿಲ್ಲ. ಅವರು ಅಳುತ್ತಿದ್ದರು. ಮಗಳ ಮದುವೆ ವಿಷಯ ತಾಯಿಗೆ ಮೊಬೈಲಿನ ರೀಲ್‌ನಿಂದ ಗೊತ್ತಾಗೋದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪುಟದವರಿಗೆ ವಿಡಿಯೋ ತೆಗೆದುಬಿಡಿ ಅಂತ ಹೇಳಿದರೆ, ನೀವೇ ಒಪ್ಪಿದ್ದೀರಿ ಅಂದರು. ಬುಕಿಂಗ್ ಸಮಯದಲ್ಲಿ ಕಳಿಸಿದ್ದ ಪಿಡಿಎಫ್‌ನ ಕೊನೆಯ ಪುಟದಲ್ಲಿ, ಫೋಟೋ ವಿಡಿಯೋವನ್ನು ಪ್ರಚಾರಕ್ಕೆ ಬಳಸಬಹುದು ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು. ನಾನು ಓದಿರಲಿಲ್ಲ. ಆದರೆ ಅವಳು ಎಲ್ಲಿ ಒಪ್ಪಿದ್ದಳು? ಹಿಂದೆ ಕಾಣುವ ಆ ಅರಬ್ ಕುಟುಂಬ ಎಲ್ಲಿ ಒಪ್ಪಿತ್ತು? ಯುಎಇಯಲ್ಲಿ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕೋದು ಅಪರಾಧ. 2021ರ 34ನೇ ಸೈಬರ್ ಅಪರಾಧ ಕಾನೂನಿನಲ್ಲಿ ಇದಕ್ಕೆ ಜೈಲೂ ಇದೆ, ದಂಡ 1.5 ಲಕ್ಷದಿಂದ 5 ಲಕ್ಷ ದಿರ್ಹಮ್ ತನಕ ಇದೆ. ಮೂರನೇ ದಿನ ಇದನ್ನು ಬರೆದು ಕಳಿಸಿದೆ. ಹತ್ತು ನಿಮಿಷದಲ್ಲಿ ವಿಡಿಯೋ ಹೋಯಿತು. ಗೊತ್ತಿದ್ದರೆ ಮೊದಲ ದಿನವೇ ಕಳಿಸುತ್ತಿದ್ದೆ. ನೆನಪಿಡಿ, ಈ ಕಾನೂನು ನಿಮಗೂ ಅನ್ವಯಿಸುತ್ತೆ, ನಿಮ್ಮ ಫೋಟೋದಲ್ಲಿ ಬೇರೆಯವರ ಮುಖ ಇದ್ದರೆ ಹಾಕುವ ಮುಂಚೆ ಕತ್ತರಿಸಿ.

ಅಡ್ವಾನ್ಸ್ ವಾಪಸ್ ಬಂದಿಲ್ಲ. ಎಡಿಟ್ ಮಾಡಿದ ಫೋಟೋಗಳಿಗೆ ಇನ್ನೂ 600 ಕೇಳಿದರು, ನಾನು ಕೊಡಲಿಲ್ಲ. ಯಾರಿಗಾದರೂ ಬುಕ್ ಮಾಡಲೇಬೇಕು ಅಂತಿದ್ದರೆ ಮೂರು ಮಾತು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ, ವಾಯ್ಸ್ ನೋಟ್ ಬೇಡ: ಪರ್ಮಿಷನ್ ಇಲ್ಲದೆ ತಡೆದರೆ ಪೂರ್ತಿ ದುಡ್ಡು ವಾಪಸ್, ಜನರನ್ನು ಸೇರಿಸಬಾರದು, ನಾವಿಬ್ಬರೂ ಬರೆದು ಒಪ್ಪದೆ ಒಂದು ಫೋಟೋವನ್ನೂ ಎಲ್ಲೂ ಹಾಕಬಾರದು.

ನನ್ನ ಅಪ್ಪ ಅಮ್ಮ ಮರುದಿನವೇ ಸಾಗರದಿಂದ ಕುಂದಾಪುರಕ್ಕೆ ಹೋಗಿ ಕೂತು ಮಾತಾಡಿ ಬಂದರು. ಅವಳಮ್ಮ ಈಗ ನನ್ನ ಹತ್ತಿರ ಫೋನಿನಲ್ಲಿ ಮಾತಾಡುತ್ತಾರೆ. ಆದರೆ ಆ ವಿಡಿಯೋ ಡೌನ್‌ಲೋಡ್ ಆಗಿ ವಾಟ್ಸಾಪ್‌ನಲ್ಲಿ ಇನ್ನೂ ಓಡಾಡುತ್ತಿದೆ. ಹಸಿರು ಚೂಡಿದಾರ್ ಹಾಕಿದ ಹುಡುಗಿ, ಕಪ್ಪು ಜಾಕೆಟ್ ಹಾಕಿ ಮಂಡಿ ಊರಿದ ಹುಡುಗ, ಹಿಂದೆ ಕಪ್ಪು ಗಾಜು, ಅದರಲ್ಲಿ ಕ್ಯಾಪ್ ಹಾಕಿದವನ ನೆರಳು. ನಿಮ್ಮ ಮೊಬೈಲಿಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ, ಡಿಲೀಟ್ ಮಾಡಿ. ಕಳಿಸಿದವರಿಗೂ ಹಾಗೇ ಹೇಳಿ.