ಜನರಲ್ ತಿಮ್ಮಯ್ಯನವರ ಸನ್ನಿಸೈಡ್: ನಿಧಾನವಾಗಿ ನೋಡಬೇಕಾದ ಮನೆ

ಮಡಿಕೇರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ರಾಜಾಸೀಟು, ಅಬ್ಬಿ ಜಲಪಾತ ನೋಡಿಕೊಂಡು ತಲಕಾವೇರಿಯ ದಾರಿ ಹಿಡಿಯುತ್ತಾರೆ. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯನವರು ಬಾಲ್ಯ ಕಳೆದ ಸನ್ನಿಸೈಡ್ ಮನೆ ಪೇಟೆಯಲ್ಲೇ ಇದ್ದು, 2021ರ ಫೆಬ್ರುವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಲ್ಲಿಗೆ ಬಂದವರಲ್ಲೂ ಹಲವರು ಹೊರಗಿನ ಟಿ-55 ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡು, ಒಳಗೊಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಅಷ್ಟು ಅವಸರ ಬೇಡ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೊರದೇಶಕ್ಕೆ ಸೈನ್ಯ ಕಳುಹಿಸಬೇಕೇ ಬೇಡವೇ, ಕಳುಹಿಸಿದರೆ ಅದಕ್ಕೆ ಎಷ್ಟು ಅಧಿಕಾರ ಕೊಡಬೇಕು ಎಂಬ ಪ್ರಶ್ನೆಯನ್ನು ಇಷ್ಟು ಹತ್ತಿರದಿಂದ ಯೋಚಿಸುವಂತೆ ಮಾಡುವ ಜಾಗ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ನನಗೆ ಕಂಡಿಲ್ಲ.

ಸಮವಸ್ತ್ರ, ಪದಕ, ಕೋವಿಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸಾಹಸ ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ನಾನು ಹೆಚ್ಚು ಹೊತ್ತು ನಿಂತದ್ದು ಕೊರಿಯಾ ಮತ್ತು ಸೈಪ್ರಸ್‌ನ ಅಧ್ಯಾಯಗಳ ಮುಂದೆ. 1953ರ ಕದನವಿರಾಮದ ನಂತರ, ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಕೈದಿಗಳನ್ನು ಕಳುಹಿಸುವುದಕ್ಕಾಗಲಿ, ಉಳಿಸಿಕೊಳ್ಳುವುದಕ್ಕಾಗಲಿ ಬಲಪ್ರಯೋಗ ಕೂಡದು ಎಂದು ಒಪ್ಪಂದ ಹೇಳುತ್ತಿತ್ತು. ಕೈದಿಗಳನ್ನು ಬಲವಂತವಾಗಿಯಾದರೂ ಮರಳುವಂತೆ ಮನವೊಲಿಸುವ ವಿವರಣಾ ಸಭೆಗಳಿಗೆ ಕರೆತರಬೇಕೆಂದು ಚೀನಾ, ಉತ್ತರ ಕೊರಿಯಾಗಳ ಕಮ್ಯುನಿಸ್ಟ್ ಕಡೆಯವರು ಪಟ್ಟು ಹಿಡಿದರೂ ಭಾರತದ ಕಾವಲುಪಡೆ ಆ ಹಾದಿ ತುಳಿಯಲಿಲ್ಲ. ಕೈಯಲ್ಲಿ ಬಂದೂಕಿದ್ದೂ ಅದನ್ನು ಬಳಸದಿರುವ ತೀರ್ಮಾನವೂ ಸೇನಾನಾಯಕತ್ವವೇ ಎಂಬುದನ್ನು ನಾವು ಮಕ್ಕಳಿಗೆ ಸಾಕಷ್ಟು ಹೇಳುತ್ತಿಲ್ಲ.

ಪಕ್ಕದಲ್ಲಿದ್ದ ಹುಡುಗನೊಬ್ಬ, "ಅಜ್ಜ, ಸೈಪ್ರಸ್‌ನಲ್ಲಿ ಇವರು ಯಾರ ಜೊತೆ ಯುದ್ಧ ಮಾಡಿದ್ದು?" ಎಂದು ಕೇಳಿದ. ಸೈನ್ಯದಿಂದ ನಿವೃತ್ತರಾದವರಂತೆ ಕಾಣುತ್ತಿದ್ದ ಆ ಹಿರಿಯರು, "ಯಾರ ಜೊತೆಗೂ ಇಲ್ಲ ಮಗಾ, ಬೇರೆಯವರು ಹೊಡೆದಾಡದ ಹಾಗೆ ನೋಡಿಕೊಳ್ಳೋದಕ್ಕೆ ಹೋಗಿದ್ರು" ಎಂದರು. ಆ ಉತ್ತರದ ಹಿಂದಿನ ಇತಿಹಾಸ ದೊಡ್ಡದು. ದ್ವೀಪದ ಗ್ರೀಕ್ ಮತ್ತು ಟರ್ಕಿ ಮೂಲದ ಜನರ ನಡುವೆ ಆಗ ಘರ್ಷಣೆ ನಡೆದಿತ್ತು. 1964ರ ಜೂನ್‌ನಲ್ಲಿ ಸೈಪ್ರಸ್‌ಗೆ ಸೈನ್ಯ ಇಳಿಸಲು ಹೊರಟಿದ್ದ ಟರ್ಕಿಯನ್ನು ಅಮೆರಿಕದ ಅಧ್ಯಕ್ಷ ಜಾನ್ಸನ್ ಕಟುವಾದ ಪತ್ರ ಬರೆದು ತಡೆದರು. ಆದರೂ ಆಗಸ್ಟ್‌ನಲ್ಲಿ ಟರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕಿದವು. ಆತ್ಮರಕ್ಷಣೆಗೆ ಮಾತ್ರ ಗುಂಡು ಹಾರಿಸಬಹುದಾಗಿದ್ದ ವಿಶ್ವಸಂಸ್ಥೆಯ ಪಡೆಯ ನೇತೃತ್ವ ಆಗ ತಿಮ್ಮಯ್ಯನವರ ಕೈಯಲ್ಲಿತ್ತು. 1965ರ ಡಿಸೆಂಬರ್‌ನಲ್ಲಿ ಅವರು ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು.

ಇದನ್ನೆಲ್ಲ ನೋಡಿದವರಿಗೆ 1971 ನೆನಪಾಗದಿರದು. ಪೂರ್ವ ಬಂಗಾಳದಿಂದ (ಇಂದಿನ ಬಾಂಗ್ಲಾದೇಶ) ಸುಮಾರು 1 ಕೋಟಿ ನಿರಾಶ್ರಿತರು ಗಡಿ ದಾಟಿ ಬಂದ ಆ ವರ್ಷ, ಕೂಡಲೇ ಯುದ್ಧಕ್ಕಿಳಿಯಲು ಸೇನೆ ಸಿದ್ಧವಿಲ್ಲವೆಂದು ಏಪ್ರಿಲ್‌ನಲ್ಲೇ ಪ್ರಧಾನಿಗೆ ತಿಳಿಸಿದ್ದಾಗಿ ಆಗಿನ ಸೇನಾ ಮುಖ್ಯಸ್ಥ ಮಾಣೆಕ್ ಶಾ ಮುಂದೆ ಹೇಳಿಕೊಂಡರು. ಮಳೆಗಾಲದಲ್ಲಿ ಪೂರ್ವ ಬಂಗಾಳದ ನದಿಗಳು ಉಕ್ಕುತ್ತವೆ, ಚಳಿಗಾಲದಲ್ಲಿ ಹಿಮ ಬಿದ್ದರೆ ಚೀನಾದ ಕಡೆಯ ಕಣಿವೆಗಳು ಮುಚ್ಚುತ್ತವೆ ಎಂಬುದು ಅವರ ಲೆಕ್ಕ. ನಾಟಿ ಮುಗಿಯುವವರೆಗೆ ಆಯುಧಗಳನ್ನು ಎತ್ತಿಟ್ಟು ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಂದು ಹೊರತೆಗೆಯುವ ಕೊಡಗಿನವರಿಗೆ ಈ ಕಾಯುವಿಕೆ ಬೇಗ ಅರ್ಥವಾದೀತು. ಪ್ರಧಾನಿಯೇ ಆಗ ಅವಸರದಲ್ಲಿರಲಿಲ್ಲ ಎನ್ನುವ ಇತಿಹಾಸಕಾರರೂ ಇದ್ದಾರೆ. ಯಾರ ಮಾತು ನಿಜವಾದರೂ, ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದ, ಆಮೇಲೆ ಪಶ್ಚಿಮದ ರಾಜಧಾನಿಗಳಿಗೆ ಇಂದಿರಾ ಗಾಂಧಿಯವರ ಪ್ರವಾಸ, ಗಡಿಯಲ್ಲಿ ಸೇನೆಯ ಸಿದ್ಧತೆ ಎಲ್ಲವೂ ಜೊತೆಜೊತೆಗೆ ಸಾಗಿದ್ದರಿಂದಲೇ ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಮುಗಿಯಿತು ಎಂಬುದು ನನ್ನ ದೃಢ ಅಭಿಪ್ರಾಯ. 1987ರಲ್ಲಿ ಶ್ರೀಲಂಕಾದಲ್ಲಿ ಆ ಸ್ಪಷ್ಟತೆ ಇರಲಿಲ್ಲ. ಜುಲೈನಲ್ಲಿ ಶಾಂತಿಪಾಲನೆಗೆಂದು ಹೋದ ಪಡೆ ಅಕ್ಟೋಬರ್‌ನಲ್ಲಿ ತಮಿಳು ಪ್ರತ್ಯೇಕತಾವಾದಿಗಳ ಸಶಸ್ತ್ರ ಸಂಘಟನೆ ಎಲ್‌ಟಿಟಿಇ ವಿರುದ್ಧ ಹೋರಾಡುತ್ತಿತ್ತು. 1990ರ ಮಾರ್ಚ್‌ನಲ್ಲಿ ಮರಳುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತ್ತು. ದೆಹಲಿಯಲ್ಲಿ ಗುರಿ ಮಸುಕಾದರೆ ಅದರ ಬೆಲೆ ತೆರುವುದು ನಮ್ಮಂಥ ಊರುಗಳ ಮನೆಗಳು.

ಸಂಗ್ರಹಾಲಯಕ್ಕೆ ನನ್ನದೊಂದು ವಿನಂತಿಯಿದೆ. ಕೊರಿಯಾ ಮತ್ತು ಸೈಪ್ರಸ್‌ನ ಚಿತ್ರಗಳ ಜೊತೆಗೆ, ಆ ಪಡೆಗಳಿಗೆ ಕೊಟ್ಟಿದ್ದ ಆದೇಶದ ಮುಖ್ಯ ಸಾಲುಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಿದರೆ, ಸೈನಿಕನಿಗೆ ಏನು ಮಾಡಲು ಅನುಮತಿ ಇತ್ತು, ಏನಕ್ಕೆ ಇರಲಿಲ್ಲ ಎಂಬುದು ಹೈಸ್ಕೂಲು ಮಕ್ಕಳಿಗೂ ತಿಳಿಯುತ್ತದೆ. ಹೋಗುವವರು ವಾರಾಂತ್ಯದ ಜನಜಂಗುಳಿ ತಪ್ಪಿಸಿ, ವಾರದ ನಡುವೆ ಬೆಳಿಗ್ಗೆಯೇ ಹೋಗಿ, ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರನ್ನು ಖಂಡಿತ ಕರೆದುಕೊಂಡು ಹೋಗಿ.