ಖುಲಾಸೆಯಾದವನಿಗೆ ಶಿಕ್ಷೆ ಕೊಡಿಸಿದ ಆ್ಯಪ್

ನಾನು ಸೀರಿಯಲ್‌ಗಳಿಗೆ ಸಬ್‌ಟೈಟಲ್ ಬರೆಯುವವಳು. ಮೂರು ತಿಂಗಳ ಹಿಂದೆ ಒಂದು ಸ್ಪ್ಯಾನಿಷ್ ಕೋರ್ಟ್ ಸೀರಿಯಲ್ ಕೈಗೆ ಬಂತು. ಮಾತಾಡುವಷ್ಟು ಸ್ಪ್ಯಾನಿಷ್ ನನಗೆ ಬರುತ್ತೆ, ಆದರೆ ಕಟಕಟೆಯ ಭಾಷೆಯೇ ಬೇರೆ ಅಲ್ವಾ? ಅದಕ್ಕೇ ಕಾನೂನು ಪದಗಳನ್ನು ಕಾರ್ಡ್‌ಗಳಲ್ಲಿ ಕಲಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ.

ಧ್ವನಿ ಚೆನ್ನಾಗಿದೆ. ನ್ಯಾಯಾಧೀಶರಿಗೆ ಲ್ಯಾಟಿನ್ ಅಮೆರಿಕದಲ್ಲಿ 'ಹ್ವೆಸ್' ಅಂತಾರೆ. ಸ್ಪೇನ್‌ನ ಹೆಚ್ಚಿನ ಕಡೆ ಕೊನೆಗೆ ನಾಲಿಗೆ ಹಲ್ಲಿಗೆ ತಾಗಿ 'ಹ್ವೆಥ್' ಆಗುತ್ತೆ. ಎರಡನ್ನೂ ಕೇಳಿಸುತ್ತಾರೆ.

ಎಡವಟ್ಟಾಗಿದ್ದು ಅರ್ಥದಲ್ಲಿ. 'ಸೆಂತೆನ್ಸಿಯಾ' ಕಾರ್ಡ್ ತಿರುಗಿಸಿದರೆ ಇಂಗ್ಲಿಷ್‌ನ 'ಸೆಂಟೆನ್ಸ್' ಅಂತಷ್ಟೇ ಇತ್ತು. ಶಿಕ್ಷೆ ಅಂದುಕೊಂಡೆ. ಸೀರಿಯಲ್‌ನಲ್ಲಿ 'ಸೆಂತೆನ್ಸಿಯಾ ಅಬ್ಸೊಲುತೋರಿಯಾ' ಅಂತ ಬಂದಾಗ 'ಸಂಪೂರ್ಣ ಶಿಕ್ಷೆ' ಅಂತ ಬರೆದುಬಿಟ್ಟೆ. ಪರದೆ ಮೇಲೆ ಆರೋಪಿಯ ತಾಯಿ ಖುಷಿಯಿಂದ ಅಳುತ್ತಿದ್ದಾಳೆ! ಅಸಲಿಗೆ ಅದು ಖುಲಾಸೆಯ ತೀರ್ಪು. ಸೆಂತೆನ್ಸಿಯಾ ಅಂದರೆ ತೀರ್ಪು. ಶಿಕ್ಷೆಗೆ 'ಕೊಂದೇನಾ' ಅನ್ನುವ ಬೇರೆ ಪದವೇ ಇದೆ.

'ದೆಮಾಂದಾ', 'ದೆನುನ್ಸಿಯಾ' ಎರಡಕ್ಕೂ ಆ್ಯಪ್ ಕೊಡುವುದು ಒಂದೇ ಅರ್ಥ, 'ಕಂಪ್ಲೇಂಟ್'. ನಮ್ಮಲ್ಲಿ ಮೊದಲನೆಯದಕ್ಕೆ ದಾವೆ, ಎರಡನೆಯದಕ್ಕೆ ದೂರು ಅನ್ನುವ ಪದಗಳು ರೆಡಿ ಇವೆ. ಒಂದನ್ನು ಕೋರ್ಟ್‌ನಲ್ಲಿ ಹೂಡುತ್ತೇವೆ, ಇನ್ನೊಂದನ್ನು ಪೊಲೀಸರಿಗೆ ಕೊಡುತ್ತೇವೆ. ಸುಮ್ನೆ ಇಂಗ್ಲಿಷ್ ಸುತ್ತಿಕೊಂಡು ಹೋಗಿ ದಾರಿ ತಪ್ಪುವುದು ಯಾಕೆ?

ಹಳೆಯ ಪದಗಳೂ ಇವೆ. ತನಿಖೆಯಲ್ಲಿರುವವನಿಗೆ 'ಇಂಪುತಾದೊ' ಒಂದೇ ಕೊಟ್ಟಿದ್ದಾರೆ. ಸ್ಪೇನ್ 2015ರಲ್ಲೇ ಕಾನೂನು ತಿದ್ದಿ ಅದನ್ನು 'ಇನ್ವೆಸ್ತಿಗಾದೊ' ಮಾಡಿದೆ. ಅರ್ಜೆಂಟೀನಾದ ಕಥೆಗಾದರೆ ಹಳೆಯದೇ ಸರಿ. ಆದರೆ ಅದನ್ನು ಆ್ಯಪ್ ಹೇಳಬೇಕಿತ್ತು.

ಪದದ ಬೇರು ಹೇಳುವ ಚಿಕ್ಕ ಟಿಪ್ಪಣಿಗಳು ಮಾತ್ರ ನನಗೆ ತುಂಬಾ ಇಷ್ಟ. ಮೇಯರ್‌ಗೆ 'ಅಲ್ಕಾಲ್ದೆ' ಅಂತಾರಲ್ಲ, ಅದು ಅರಬ್ಬಿಯಲ್ಲಿ ನ್ಯಾಯಾಧೀಶ ಅನ್ನುವ ಪದದಿಂದ ಬಂದದ್ದಂತೆ. ನಮ್ಮ ಖಾಜಿಯೇ! ಇನ್ನು 'ಎಸ್ಪೋಸಾಸ್' ಅಂದರೆ ಹೆಂಡತಿಯರೂ ಹೌದು, ಕೈಬೇಡಿಯೂ ಹೌದು. ಆ ಕಾರ್ಡ್ ಗಂಡನಿಗೆ ತೋರಿಸಬಾರದಿತ್ತು.

ಐದಕ್ಕೆ ಮೂರು ಸ್ಟಾರ್. ಮೂರನೆಯದು ಕಾರ್ಡ್‌ನ ಹಿಂಬದಿಯನ್ನು ನಾವೇ ತಿದ್ದಬಹುದು ಅನ್ನುವುದಕ್ಕೆ. ನಾನು ಈಗಾಗಲೇ ನಲವತ್ತು ಕಾರ್ಡ್‌ಗಳಲ್ಲಿ ಇಂಗ್ಲಿಷ್ ಅಳಿಸಿ ವಕೀಲ, ಜಾಮೀನು, ಖುಲಾಸೆ ಅಂತ ಬರೆದುಕೊಂಡಿದ್ದೇನೆ.