ಪರಿಮಳ ಇಲ್ಲದ ಶಾಂಪೂ: ಕೆಲವು ವರ್ಷ ಬಳಸಿದ ಮೇಲೆ

ಕೆಲವು ವರ್ಷಗಳಿಂದ ನಾನು ತಲೆಗೆ ಹಾಕುತ್ತಿರುವುದು ಪರಿಮಳವೇ ಇಲ್ಲದ ಶಾಂಪೂ. ನಡುವೆ ಬ್ರಾಂಡ್ ಬದಲಾಗಿದೆ, ಬಗೆ ಬದಲಾಗಿಲ್ಲ. ಹಾಗಾಗಿ ಇಲ್ಲಿ ಹೆಸರು ಹೇಳುತ್ತಿಲ್ಲ. ಇಂಥ ಶಾಂಪೂ ದಿನಬಳಕೆಗೆ ಹೇಗಿರುತ್ತದೆ, ಯಾರಿಗೆ ಬೇಕು, ಯಾರಿಗೆ ಬೇಕಿಲ್ಲ ಅನ್ನುವುದನ್ನು ಹೇಳುತ್ತೇನೆ.

ಮೊದಲು, ನಾನು ಇದಕ್ಕೆ ಯಾಕೆ ಬಂದೆ ಅಂತ. ಕುತ್ತಿಗೆಯ ಹಿಂಭಾಗದಲ್ಲಿ ತುರಿಕೆ ಶುರುವಾಯಿತು. ಆಮೇಲೆ ಕಿವಿಯ ಹಿಂದೆ, ಆಮೇಲೆ ಕಣ್ಣಿನ ರೆಪ್ಪೆಯ ಮೇಲೆ. ರೆಪ್ಪೆ ಕೆಂಪಾಗಿ, ಒಣಗಿ, ಸಿಪ್ಪೆ ಏಳುತ್ತಿತ್ತು. ಸರದ ಮೇಲೆ ಅನುಮಾನ ಬಂತು, ಕಾಡಿಗೆಯ ಮೇಲೆ ಬಂತು, ದಿಂಬಿನ ಕವರ್ ತೊಳೆಯುವ ಪೌಡರ್ ಮೇಲೂ ಬಂತು. ಶಾಂಪೂ ಯಾರ ತಲೆಗೂ ಹೊಳೆಯಲಿಲ್ಲ, ಯಾಕೆಂದರೆ ತಲೆಯ ಚರ್ಮದಲ್ಲಿ ಏನೂ ಇರಲಿಲ್ಲ. ಚರ್ಮದ ಡಾಕ್ಟರು ಮಾತ್ರ ನೋಡಿದ ಕೂಡಲೇ "ತಲೆಗೆ ಏನು ಹಾಕ್ತೀರಿ?" ಅಂತ ಕೇಳಿದರು.

ಅವರು ವಿವರಿಸಿದ್ದು ಸರಳವಾಗಿತ್ತು. ತಲೆಯ ಚರ್ಮ ದಪ್ಪ, ಗಟ್ಟಿ. ತಲೆ ತೊಳೆಯುವಾಗ ನೊರೆ ಹರಿಯುವುದು ಹಣೆ, ರೆಪ್ಪೆ, ಕಿವಿಯ ಹಿಂಬದಿ, ಕುತ್ತಿಗೆಯ ಮೇಲೆ. ಅಲ್ಲಿನ ಚರ್ಮ, ಅದರಲ್ಲೂ ರೆಪ್ಪೆಯದ್ದು, ತುಂಬಾ ತೆಳು. ಅಲರ್ಜಿ ಅಲ್ಲೇ ಮೊದಲು ಕಾಣುತ್ತದೆ. ಹೇರ್ ಡೈ ಹಾಕುವವರಲ್ಲೂ ಹೀಗೆ ಆಗುವುದುಂಟು. ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಅದಕ್ಕೆ ದೊಡ್ಡ ಕಾರಣ. ನಾನು ಡೈ ಹಾಕುವುದಿಲ್ಲ. ಹಾಗಾಗಿ ಪ್ಯಾಚ್ ಟೆಸ್ಟ್ ಮಾಡಿಸಿ ಅಂದರು.

ಪ್ಯಾಚ್ ಟೆಸ್ಟ್ ಅಂದರೆ ಸೂಜಿ ಏನೂ ಇಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣ ಬಟ್ಟಲುಗಳಿರುವ ಪಟ್ಟಿ ಅಂಟಿಸುತ್ತಾರೆ. ಒಂದೊಂದರಲ್ಲಿ ಒಂದೊಂದು ವಸ್ತು. 48 ಗಂಟೆ ಹಾಗೇ ಇಟ್ಟುಕೊಂಡಿರಬೇಕು, ಬೆನ್ನಿಗೆ ನೀರು ತಾಗಿಸುವಂತಿಲ್ಲ. ತೆಗೆದಾಗ ಒಮ್ಮೆ ನೋಡುತ್ತಾರೆ, ಎರಡು ದಿನ ಬಿಟ್ಟು ಇನ್ನೊಮ್ಮೆ. ಈ ಎರಡನೇ ಸಲ ನೋಡುವುದು ಮುಖ್ಯ, ಇಂಥ ಅಲರ್ಜಿ ನಿಧಾನಕ್ಕೆ ಏಳುತ್ತದೆ. ನನ್ನ ಬೆನ್ನಲ್ಲಿ ಕೆಂಪಗೆ ಎದ್ದಿದ್ದು ಫ್ರಾಗ್ರೆನ್ಸ್ ಮಿಕ್ಸ್ ಇದ್ದ ಜಾಗ. ಪರಿಮಳಕ್ಕೆ ಬಳಸುವ ಕೆಲವು ಸಾಮಾನ್ಯ ವಸ್ತುಗಳನ್ನು ಸೇರಿಸಿ ಮಾಡಿದ ಮಿಶ್ರಣ ಅದು. ಲವಂಗದಲ್ಲಿರುವ ಯೂಜಿನಾಲ್, ಗುಲಾಬಿಯಲ್ಲಿರುವ ಜೆರೇನಿಯಾಲ್ ಎಲ್ಲ ಅದರಲ್ಲಿವೆ.

ಶಾಂಪೂ ಕೆಲಸ ಮಾಡುವುದು ಹೇಗೆ ಅಂತ ಓದಿಕೊಂಡಿದ್ದು ಆಮೇಲೆ. ಜಿಡ್ಡು ತೆಗೆಯುವುದು ಸೋಡಿಯಂ ಲಾರೆತ್ ಸಲ್ಫೇಟ್, ಕೊಕಮಿಡೊಪ್ರೊಪೈಲ್ ಬೀಟೈನ್‌ನಂಥ ನೊರೆ ಬರಿಸುವ ವಸ್ತುಗಳು. ಕೂದಲು ನುಣುಪಾಗುವುದು ಸಿಲಿಕೋನ್ ಮತ್ತು ಕಂಡೀಷನ್ ಮಾಡುವ ಪಾಲಿಮರ್‌ಗಳಿಂದ. ಪರಿಮಳದ ಪಾಲು ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸು, ಅಥವಾ ಇನ್ನೂ ಕಡಿಮೆ. ತೊಳೆಯುವ ಕೆಲಸದಲ್ಲಿ ಅದಕ್ಕೆ ಪಾಲಿಲ್ಲ. ಆದರೆ ಅಂಗಡಿಯಲ್ಲಿ ನಾವು ಮಾಡುವುದೇನು? ಮುಚ್ಚಳ ತೆಗೆದು ಮೂಸಿ ನೋಡುತ್ತೇವೆ. ಆಯ್ಕೆ ಮುಗಿಯಿತು.

ಲೇಬಲ್ ವಿಷಯಕ್ಕೆ ಬರೋಣ, ಇದು ತುಂಬಾ ಮುಖ್ಯ. ನಮ್ಮಲ್ಲಿ ಬಾಟಲಿಯ ಹಿಂದೆ 'ಪರ್ಫ್ಯೂಮ್' ಅಥವಾ 'ಫ್ರಾಗ್ರೆನ್ಸ್' ಅಂತ ಒಂದೇ ಪದ ಇರುತ್ತದೆ. ಆ ಒಂದು ಪದದ ಹಿಂದೆ ಹತ್ತಾರು ವಸ್ತುಗಳಿರಬಹುದು. ಯುರೋಪಿನಲ್ಲಿ ಅಲರ್ಜಿ ಮಾಡಬಲ್ಲ 26 ಪರಿಮಳದ ವಸ್ತುಗಳನ್ನು ಹೆಸರು ಹಿಡಿದು ಬರೆಯಬೇಕು ಅನ್ನುವ ನಿಯಮ 2005ರಿಂದ ಇದೆ. ತೊಳೆದುಬಿಡುವ ಶಾಂಪೂವಿನಂಥದ್ದರಲ್ಲಿ ಶೇ. 0.01 ದಾಟಿದರೆ ಸಾಕು, ಹೆಸರು ಬರಬೇಕು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚು ಹೆಸರುಗಳಿಗೆ ಬೆಳೆಸಿದರು. ಇಲ್ಲಿ ಸಿಗುವ ಕೆಲವು ವಿದೇಶಿ ಕಂಪನಿಗಳ ಬಾಟಲಿಗಳ ಮೇಲೂ ಪಟ್ಟಿಯ ಕೊನೆಯಲ್ಲಿ ಲಿನಲೂಲ್, ಲಿಮೊನೀನ್, ಹೆಕ್ಸೈಲ್ ಸಿನಮಲ್ ಅಂತ ಕಾಣುತ್ತದೆ. ಅಲರ್ಜಿ ಇರುವವರಿಗೆ ಇದರಿಂದ ಎಷ್ಟು ಅನುಕೂಲ ಗೊತ್ತಾ? ಟೆಸ್ಟ್ ರಿಪೋರ್ಟ್ ಕೈಯಲ್ಲಿದ್ದರೂ ಬಾಟಲಿ ಬಾಯಿ ಬಿಡದಿದ್ದರೆ ಏನು ಪ್ರಯೋಜನ? ನಮ್ಮಲ್ಲೂ ಹೀಗೇ ಬರೆಯುವಂತಾಗಬೇಕು ಅನ್ನುವುದು ನನ್ನ ಬಲವಾದ ಆಸೆ.

'ಅನ್‌ಸೆಂಟೆಡ್' ಅಂತ ಇದ್ದರೂ ನಂಬಬೇಡಿ. ಉಳಿದ ವಸ್ತುಗಳ ವಾಸನೆ ಮುಚ್ಚಲು ಸ್ವಲ್ಪ ಪರಿಮಳ ಹಾಕಿ, ಮೂಗಿಗೆ ಏನೂ ಬಾರದಂತೆ ಮಾಡಿರುವುದುಂಟು. 'ಫ್ರಾಗ್ರೆನ್ಸ್ ಫ್ರೀ' ಅಂತ ಇರಬೇಕು, ಜೊತೆಗೆ ಹಿಂದಿನ ಪಟ್ಟಿಯಲ್ಲೂ ಆ ಪದ ಇರಬಾರದು. ಬೇಬಿ ಶಾಂಪೂ ಸುರಕ್ಷಿತ ಅಂತ ಅನೇಕರು ಹೇಳಿದರು. ಅದರಲ್ಲೂ ಸಾಮಾನ್ಯವಾಗಿ ಪರಿಮಳ ಇರುತ್ತದೆ. ಮಗುವಿನ ತಲೆಯಿಂದ ಬರುವ ಆ 'ಪಾಪು ವಾಸನೆ' ಬಹಳಷ್ಟು ಸಲ ಶಾಂಪೂ, ಪೌಡರ್‌ನದ್ದೇ.

ನೈಸರ್ಗಿಕ ಎಣ್ಣೆ ಹಾಕಿದ್ದು ಆಗಬಹುದಲ್ವಾ ಅಂತ ಅಕ್ಕ ಕೇಳಿದಳು. ನನಗೆ ಆಗುವುದಿಲ್ಲ. ಲ್ಯಾವೆಂಡರ್ ಎಣ್ಣೆಯಲ್ಲಿ ಲಿನಲೂಲ್ ಇದೆ, ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ ಎಣ್ಣೆಯಲ್ಲಿ ಲಿಮೊನೀನ್ ಇದೆ. ಗಾಳಿಗೆ ತೆರೆದಿಟ್ಟಷ್ಟೂ ಇವು ಆಕ್ಸಿಡೈಸ್ ಆಗಿ ಇನ್ನೂ ಹೆಚ್ಚು ಅಲರ್ಜಿ ತರುತ್ತವೆ. ಹಾಗಂತ ಘಮದ ಎಣ್ಣೆಗಳೆಲ್ಲ ತಲೆಗೆ ದಂಡ ಅನ್ನಲಾರೆ. 2002ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಅಧ್ಯಯನದಲ್ಲಿ ಶೇ. 5ರಷ್ಟು ಟೀ ಟ್ರೀ ಎಣ್ಣೆ ಇರುವ ಶಾಂಪೂ 4 ವಾರದಲ್ಲಿ ಹೊಟ್ಟಿನ ಲಕ್ಷಣಗಳನ್ನು ಶೇ. 41ರಷ್ಟು ಇಳಿಸಿತ್ತು. ಎಣ್ಣೆ ಇಲ್ಲದ ಶಾಂಪೂ ಹಾಕಿದವರಲ್ಲಿ ಅದು ಶೇ. 11 ಮಾತ್ರ. ಆದರೆ ಅಲ್ಲಿದ್ದದ್ದು ಶೇ. 5. ಘಮಕ್ಕೆಂದು ಒಂದು ಚೂರು ಸೇರಿಸಿ ಬಾಟಲಿ ಮೇಲೆ ಎಲೆಯ ಚಿತ್ರ ಹಾಕಿದರೆ ಆ ಫಲ ಸಿಗುವುದಿಲ್ಲ. ಪುದೀನ, ಮೆಂಥಾಲ್ ಶಾಂಪೂವಿನ ತಂಪೂ ಅಷ್ಟೇ. ನರಗಳಿಗೆ ತಣ್ಣಗಾದಂತೆ ಅನಿಸುತ್ತದೆ, ತಲೆ ಅದರಿಂದ ಹೆಚ್ಚು ಶುಚಿಯಾಗುವುದಿಲ್ಲ.

ಇನ್ನು ಬಳಕೆ. ಮೊದಲ ಸಲ ಕೈಗೆ ಸುರಿದುಕೊಂಡಾಗ ಒಂಥರಾ ಹಸಿ ವಾಸನೆ ಬರುತ್ತದೆ, ಸ್ವಲ್ಪ ಜಿಡ್ಡಿನದ್ದು. ಅದು ನೊರೆಯ ವಸ್ತುಗಳ ಸ್ವಂತ ವಾಸನೆ. ನೀರು ಹಾಕಿದ ಮೇಲೆ ಹೋಗಿಬಿಡುತ್ತದೆ. ನಾನು ತಂದ ಬಾಟಲಿಗಳಲ್ಲಿ ನೊರೆ ಕಡಿಮೆ. ಎಣ್ಣೆ ಹಚ್ಚಿದ ದಿನ ಎರಡು ಸಲ ಹಾಕಬೇಕು. ಕೂದಲು ಒಣಗಿದ ಮೇಲೆ ಹಳೆಯ ಶಾಂಪೂಗೂ ಇದಕ್ಕೂ ವ್ಯತ್ಯಾಸ ಹೇಳಲು ನನಗೆ ಆಗಲಿಲ್ಲ. ಉದುರುವುದು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ರೆಪ್ಪೆ ಮಾತ್ರ ಕೆಲವು ವಾರಗಳಲ್ಲಿ ತಿಳಿಯಾಯಿತು. ಮತ್ತೆ ಕೆಂಪಾಗಿಲ್ಲ.

ನಾನು ಎದುರು ನೋಡಿರದ ಲಾಭ ಇನ್ನೊಂದಿದೆ. ನನ್ನ ತಲೆಯ ನಿಜವಾದ ವಾಸನೆ ಈಗ ನನಗೆ ಗೊತ್ತಾಗುತ್ತದೆ. ಪರಿಮಳದ ಅಣುಗಳು ಎಣ್ಣೆಯ ಗುಣದವು. ನೀರಲ್ಲಿ ಪೂರ್ತಿ ಹೋಗದೆ ಕೂದಲಿಗೆ ಅಂಟಿಕೊಳ್ಳುತ್ತವೆ. ಅದಕ್ಕೇ ಮರುದಿನವೂ ಘಮ ಇರುತ್ತದೆ. ಘಮ ಇದೆ ಅಂದರೆ ತಲೆ ಶುಚಿ ಇದೆ ಅಂತ ಮನಸ್ಸು ಒಪ್ಪಿಬಿಡುತ್ತದೆ. ಕೂದಲ ಬುಡದಲ್ಲಿ ನಡೆಯುವುದೇ ಬೇರೆ. ಚರ್ಮ ಜಿಡ್ಡು ಸುರಿಸುತ್ತದೆ. ಮಲಸೇಜಿಯಾ ಅನ್ನುವ ಯೀಸ್ಟ್ ಎಲ್ಲರ ತಲೆಯಲ್ಲೂ ಇರುತ್ತದೆ, ಅದು ಆ ಜಿಡ್ಡನ್ನು ಒಡೆದು ತಿನ್ನುತ್ತದೆ. ಉಳಿಯುವ ಆಮ್ಲಗಳು ಕೆಲವರ ಚರ್ಮವನ್ನು ಕೆರಳಿಸಿ ಹೊಟ್ಟು ತರುತ್ತವೆ. ಹಳೆ ಎಣ್ಣೆಯಂಥ ಆ ಕಮಟು ವಾಸನೆ ಬಂದರೆ ತಲೆ ತೊಳೆಯುವ ಹೊತ್ತಾಯಿತು ಅಂತ ಅರ್ಥ. ಸ್ಕೂಟರ್‌ನಲ್ಲಿ ಹೆಲ್ಮೆಟ್ ಹಾಕಿಕೊಂಡು ಓಡಾಡುವ ನನಗೆ ಬೇಸಿಗೆಯಲ್ಲಿ ಅದು ಬೇಗ ಬರುತ್ತದೆ. ಮಳೆಗಾಲದಲ್ಲಿ ಒದ್ದೆ ಕೂದಲನ್ನೇ ಜಡೆ ಹಾಕಿದರೂ ಬರುತ್ತದೆ. ಚಳಿಗಾಲದಲ್ಲಿ ನಿಧಾನ. ಮೊದಲು ಭಾನುವಾರ ಅಂದರೆ ತಲೆಸ್ನಾನ ಅಂತ ಇತ್ತು. ಈಗ ವಾರ ನೋಡುವುದಿಲ್ಲ, ತಲೆಯನ್ನೇ ನೋಡುತ್ತೇನೆ.

ಹೊಟ್ಟು ಎದ್ದಾಗ ಈ ಶಾಂಪೂ ಸಾಲದು. ಅದಕ್ಕೆ ಔಷಧಿ ಇರುವುದೇ ಬೇಕು. ಡಾಕ್ಟರು ಬರೆದುಕೊಟ್ಟ ಶೇ. 2ರ ಕೀಟೋಕೊನಜೋಲ್ ಶಾಂಪೂ ಹಾಕುತ್ತೇನೆ, ವಾರಕ್ಕೆ ಎರಡು ಸಲ, 2ರಿಂದ 4 ವಾರ. ಹಾಕಿದ ಮೇಲೆ 3ರಿಂದ 5 ನಿಮಿಷ ತಲೆಯಲ್ಲೇ ಬಿಡಬೇಕು. ಬಹಳ ಜನ ಹಚ್ಚಿದ ತಕ್ಷಣ ತೊಳೆದು, ಆಮೇಲೆ ಔಷಧಿ ಹತ್ತಲಿಲ್ಲ ಅನ್ನುತ್ತಾರೆ. ಔಷಧಿ ಶಾಂಪೂಗಳಲ್ಲೂ ಕೆಲವಕ್ಕೆ ಪರಿಮಳ ಹಾಕಿರುತ್ತಾರೆ. ಹಾಗಾಗಿ ಅಲರ್ಜಿ ಇದೆ ಅಂತ ಬರೆಸಿಕೊಳ್ಳುವ ಮೊದಲೇ ಹೇಳಿ.

ಕಷ್ಟ ಇಲ್ಲವೇ ಅಂದರೆ ಇದೆ. ಬೆಳಗ್ಗೆ ಒಗ್ಗರಣೆ ಹಾಕಿದರೆ ಇಂಗು, ಕರಿಬೇವಿನ ವಾಸನೆ ಮಧ್ಯಾಹ್ನದವರೆಗೂ ಕೂದಲಲ್ಲಿರುತ್ತದೆ. ಅದನ್ನು ಮುಚ್ಚಲು ಏನೂ ಇಲ್ಲ. ಸೆರಗನ್ನೋ ಟವೆಲನ್ನೋ ತಲೆಗೆ ಸುತ್ತಿಕೊಂಡು ಅಡುಗೆ ಮಾಡುತ್ತೇನೆ. ತಲೆಸ್ನಾನದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ನನಗೆ ಚಿಕ್ಕಂದಿನಿಂದ ಇಷ್ಟ. ಬುಟ್ಟಿಯ ಮೇಲೆ ಕೂದಲು ಹರಡಿ ಅಮ್ಮ ಹೊಗೆ ಕೊಡುತ್ತಿದ್ದರು. ಸಾಂಬ್ರಾಣಿಯೂ ಮರದ ಅಂಟು, ಪರಿಮಳದ ಅಲರ್ಜಿ ಇರುವವರಿಗೆ ಅದೂ ತೊಂದರೆ ಮಾಡಬಹುದು ಅಂದರು ಡಾಕ್ಟರು. ಬಿಟ್ಟೆ. ಬಿಡಲು ಬೇಜಾರಾಯಿತು. ಮಲ್ಲಿಗೆ ಮಾತ್ರ ಮುಡಿಯುತ್ತೇನೆ. ಜಡೆಯ ಮೇಲಿರುತ್ತದೆ, ಚರ್ಮಕ್ಕೆ ತಾಗುವುದಿಲ್ಲ, ಏನೂ ಆಗಿಲ್ಲ.

ಸೀಗೆಕಾಯಿಗೆ ಹೋಗಬಹುದಿತ್ತಲ್ಲ ಅನ್ನುವವರಿಗೆ: ಊರಿಗೆ ಹೋದಾಗ ಹೋಗುತ್ತೇನೆ. ಅಮ್ಮ ಸೀಗೆಪುಡಿ, ದಾಸವಾಳದ ಎಲೆಯ ಲೋಳೆ ಎರಡೂ ಕೊಡುತ್ತಾರೆ. ಸೀಗೆಯಲ್ಲಿರುವ ಸಪೋನಿನ್ ಜಿಡ್ಡು ತೆಗೆಯುತ್ತದೆ, ಹೇಳಿಕೊಳ್ಳುವಂಥ ಘಮವೂ ಇಲ್ಲ. ಕಣ್ಣಿಗೆ ಬಿದ್ದರೆ ಉರಿ ಜಾಸ್ತಿ. ಪುಡಿ ತೊಳೆದುಹೋಗಲು ನೀರೂ ಸಮಯವೂ ಬೇಕು. ನಗರದಲ್ಲಿ ಕೆಲಸದ ದಿನ ಅದು ನಡೆಯುವುದಿಲ್ಲ. ಸೀಗೆಪುಡಿ ಕೊಳ್ಳುವಾಗಲೂ ಪ್ಯಾಕೆಟ್ ಓದಿ, ಕೆಲವಕ್ಕೆ ಪರಿಮಳ ಬೆರೆಸಿರುತ್ತಾರೆ.

ಯಾರಿಗೆ ಬೇಕು? ರೆಪ್ಪೆ, ಕುತ್ತಿಗೆ, ಕಿವಿಯ ಹಿಂದೆ ಮತ್ತೆ ಮತ್ತೆ ತುರಿಕೆ ಬರುವವರಿಗೆ. ಎಕ್ಸಿಮಾ ಇರುವವರಿಗೆ. ಪ್ಯಾಚ್ ಟೆಸ್ಟ್‌ನಲ್ಲಿ ಪರಿಮಳಕ್ಕೆ ಅಲರ್ಜಿ ಅಂತ ಬಂದವರಿಗೆ. ತೊಂದರೆ ಇಲ್ಲದವರು ಸುಮ್ನೆ ಹೆದರಿ ಇದಕ್ಕೆ ಹಣ ಹಾಕಬೇಕಿಲ್ಲ. ನನ್ನ ಮಗಳು ಘಮದ ಶಾಂಪೂವನ್ನೇ ಹಾಕುತ್ತಾಳೆ. ಆ ಘಮದ ಆಸೆಗೆ ತಪ್ಪದೆ ತಲೆ ತೊಳೆಯುತ್ತಾಳೆ. ಅವಳ ತಲೆ ಚೆನ್ನಾಗಿದೆ. ಅದನ್ನು ಬದಲಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಬೆಲೆಗೆ ಮತ್ತು ಸಿಗದೇ ಇರುವುದಕ್ಕೆ. ಬೀದಿಯ ಅಂಗಡಿಯಲ್ಲಿ ತೂಗುಹಾಕಿರುವ ಸ್ಯಾಶೆ ಸರಗಳಲ್ಲಿ ಇದು ಇರುವುದಿಲ್ಲ. ದೊಡ್ಡ ಮೆಡಿಕಲ್ ಶಾಪ್‌ನಲ್ಲಿ ಕೇಳಬೇಕು, ಇಲ್ಲವೇ ಆನ್‌ಲೈನ್ ತರಿಸಬೇಕು. ಮದುವೆ, ಪ್ರವಾಸ ಅಂತ ಹೊರಟರೆ ಸಣ್ಣ ಡಬ್ಬಿಗೆ ತುಂಬಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಯಾವುದಾದರೂ ಕಂಪನಿ ಇದನ್ನು ಸಣ್ಣ ಸ್ಯಾಶೆಯಲ್ಲಿ ತಂದರೆ ಐದನೇ ಸ್ಟಾರ್ ಅವತ್ತೇ ಸೇರಿಸುತ್ತೇನೆ.